ಉಸಿರಿನ ದಾರಿಯಲ್ಲಿ ಜೀನ್ ಚಿಕಿತ್ಸೆ

ದಮ್ಮು ಇರುವವರು ಇನ್ಹೇಲರ್ ಎಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಔಷಧಿ ಅಷ್ಟು ಸಲೀಸಾಗಿ ಎದೆಗಿಳಿಯುವುದಾದರೆ ಜೀನನ್ನೂ ಹಾಗೇ ಇಳಿಸಬಾರದೇಕೆ? 1989ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಕಾರಣವಾದ ಸಿಎಫ್‌ಟಿಆರ್ ಜೀನ್ ಪತ್ತೆಯಾದಾಗ ವಿಜ್ಞಾನಿಗಳಿಗೂ ಇದೇ ಆಸೆ ಹುಟ್ಟಿತು. ಈ ಜೀನ್ ಕೆಟ್ಟರೆ ಜೀವಕೋಶಗಳಲ್ಲಿ ಉಪ್ಪು, ನೀರಿನ ಸಂಚಾರ ಏರುಪೇರಾಗುತ್ತದೆ. ಕಫ ಅಂಟಂಟಾಗಿ ಶ್ವಾಸನಾಳ ಕಟ್ಟಿಕೊಳ್ಳುತ್ತದೆ. ಸೋಂಕು ಬಿಡಾರ ಹೂಡುತ್ತದೆ. ಸರಿಯಾದ ಜೀನನ್ನು ಉಸಿರಿನ ಜೊತೆಗೇ ಕಳಿಸಿದರಾಯಿತಲ್ಲ! ನಾಲ್ಕೇ ವರ್ಷಕ್ಕೆ, 1993ರಲ್ಲಿ, ಅಮೆರಿಕದಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು. ಮೂವತ್ತು ವರ್ಷ ದಾಟಿದರೂ ಈ ಕಾಯಿಲೆಗೆ ಅಂಥ ಮದ್ದು ಔಷಧಿ ಅಂಗಡಿಗೆ ಬಂದಿಲ್ಲ. ಯಾಕೆ?

ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಧೂಳು, ರೋಗಾಣು ದಿನವಿಡೀ ಒಳನುಗ್ಗುತ್ತಿರುತ್ತವೆ. ಅವನ್ನು ಹೊರದಬ್ಬುವುದು ಶ್ವಾಸನಾಳದ ಕಸುಬು. ನಮ್ಮ ಮದ್ದೂ ಅದರ ಲೆಕ್ಕದಲ್ಲಿ ಕಸವೇ. ಹನಿ ಐದು ಮೈಕ್ರಾನಿಗಿಂತ ದಪ್ಪವಿದ್ದರೆ ಹೆಚ್ಚಿನದು ಗಂಟಲಲ್ಲೇ ಉಳಿಯುತ್ತದೆ, ತೀರಾ ಸಣ್ಣದಿದ್ದರೆ ಉಸಿರಿನೊಂದಿಗೆ ವಾಪಸ್ ಬರುತ್ತದೆ. ಒಳಗೆ ಸೇರಿದ್ದು ಕಫಕ್ಕೆ ಸಿಕ್ಕಿಬೀಳುತ್ತದೆ. ಕೋಶಗಳ ಮೇಲಿನ ನವಿರಾದ ರೋಮಗಳು ಆ ಕಫವನ್ನು ಗಂಟಲಿನತ್ತ ತಳ್ಳುತ್ತವೆ, ನಾವು ನುಂಗಿಬಿಡುತ್ತೇವೆ. ಈ ರೋಗಿಗಳಲ್ಲಂತೂ ಸತ್ತ ಬಿಳಿ ರಕ್ತಕಣಗಳ ಡಿಎನ್‌ಎ ಬೆರೆತು ಕಫ ಇನ್ನಷ್ಟು ಗಟ್ಟಿ. ಮದ್ದು ಬೇಕಾದ ರೋಗವೇ ಮದ್ದಿಗೆ ಅಡ್ಡ!

ಇದನ್ನೆಲ್ಲ ದಾಟಿದರೂ ಕೋಶ ಒಳಗೆ ಬಿಟ್ಟುಕೊಳ್ಳಬೇಕು. ಮೊದಲ ಪ್ರಯೋಗಗಳಲ್ಲಿ ಜೀನನ್ನು ಹೊತ್ತದ್ದು ನೆಗಡಿ ತರುವ ಅಡೆನೋವೈರಸ್. ಉಸಿರಿನ ದಾರಿಯಲ್ಲಿ ಬರುವ ವೈರಸ್ ಅಲ್ಲವೇ, ಇದಕ್ಕಿಂತ ಒಳ್ಳೆಯ ವಾಹನ ಯಾವುದು ಎಂದುಕೊಂಡಿದ್ದರು. ಆದರೆ ಅದು ಹಿಡಿದುಕೊಳ್ಳುವ ಗ್ರಾಹಿ ಇರುವುದು ಕೋಶದ ಪಕ್ಕ ಮತ್ತು ಬುಡದಲ್ಲಿ, ಕೋಶಗಳನ್ನು ಒಂದಕ್ಕೊಂದು ಬಿಗಿದ ಬೆಸುಗೆಯ ಕೆಳಗೆ. ಗಾಳಿಯ ಕಡೆಯಿಂದ ಬಂದ ವೈರಸ್‌ಗೆ ಅದು ಸುಲಭಕ್ಕೆ ಎಟುಕದು. ಹಠ ಹಿಡಿದು ಪ್ರಮಾಣ ಏರಿಸಿದರೆ ಉರಿಯೂತ. ಜೊತೆಗೆ, ಶ್ವಾಸನಾಳದ ಮೇಲ್ಪದರದ ಕೋಶಗಳು ಸತ್ತು ಹೊಸವು ಬರುತ್ತಿರುತ್ತವೆ. ಹಾಗಾಗಿ ಮದ್ದನ್ನು ಮತ್ತೆ ಮತ್ತೆ ಕೊಡಬೇಕು. ಎರಡನೇ ಸಲಕ್ಕೆ ವೈರಸ್ ವಿರುದ್ಧ ಪ್ರತಿಕಾಯಗಳು ಸಜ್ಜಾಗಿ ನಿಂತಿರುತ್ತವೆ.

ಬ್ರಿಟನ್ನಿನ ಒಂದು ತಂಡ ವೈರಸ್ಸನ್ನೇ ಕೈಬಿಟ್ಟು, ಕೊಬ್ಬಿನ ಕಣಗಳಲ್ಲಿ ಡಿಎನ್‌ಎ ಸುತ್ತಿ, ನೆಬ್ಯುಲೈಜರ್ ಮೂಲಕ ತಿಂಗಳಿಗೊಮ್ಮೆ, ಒಂದು ವರ್ಷ ಕೊಟ್ಟಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೋಲಿಕೆಗಾಗಿ ಬರೀ ಉಪ್ಪುನೀರು ಪಡೆದವರ ಶ್ವಾಸಸಾಮರ್ಥ್ಯ ಕುಸಿದಿತ್ತು, ಮದ್ದು ಪಡೆದವರದು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು, ಅಂತರ ಶೇ. 3.7. ಇಷ್ಟೇನಾ ಎಂದು ಮೂಗು ಮುರಿದವರುಂಟು. ನನ್ನ ಪ್ರಕಾರ, ಪದೇ ಪದೇ ಕೊಟ್ಟರೂ ದೇಹ ತಾಳಿಕೊಂಡದ್ದೇ ದೊಡ್ಡ ಸಂಗತಿ. ಸೆಂಡಾಯ್ ಎಂಬ ವೈರಸ್ಸಿನ ಹೊದಿಕೆ ತೊಡಿಸಿದ ಲೆಂಟಿವೈರಸ್ಸನ್ನು ವಾಹನವಾಗಿಸುವ, ಡಿಎನ್‌ಎ ಬದಲು ಎಂಆರ್‌ಎನ್‌ಎ ಕಳಿಸುವ ಪ್ರಯೋಗಗಳು ಈಚಿನವು.

ಈ ಕಾಯಿಲೆಗೆ ಮಾತ್ರೆಗಳಿವೆಯಲ್ಲ ಎನ್ನಬಹುದು. 2019ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮೂರು ಔಷಧಿಗಳ ಮಾತ್ರೆ ಅಲ್ಲಿನ ಹೆಚ್ಚಿನ ರೋಗಿಗಳ ಬದುಕನ್ನೇ ಬದಲಿಸಿತು. ಅದು ಈ ಜೀನಿನಿಂದ ತಯಾರಾಗುವ ಕೆಟ್ಟ ಪ್ರೋಟೀನನ್ನು ದುರಸ್ತಿ ಮಾಡುತ್ತದೆ. ಪ್ರೋಟೀನೇ ತಯಾರಾಗದವರಿಗೆ ಉಪಯೋಗವಿಲ್ಲ. ಆ ಮಾತ್ರೆಗೆ ಬಗ್ಗುವ ಮುಖ್ಯ ಜೀನ್ ದೋಷ ಯುರೋಪಿನಷ್ಟು ಭಾರತದಲ್ಲಿ ಸಾಮಾನ್ಯವಲ್ಲ. ಹಾಗಾಗಿ ಯಾವ ದೋಷವಿದ್ದರೂ ನಡೆಯುವ ಜೀನ್ ಚಿಕಿತ್ಸೆ ನಮ್ಮ ಮಕ್ಕಳಿಗೇ ಹೆಚ್ಚು ಬೇಕಾದದ್ದು. ಅದು ಬರುವ ತನಕ ಒಂದು ವಿನಂತಿ: ಮಗುವಿನ ಮೈ ಮುದ್ದಿಟ್ಟಾಗ ಉಪ್ಪುಪ್ಪಾಗಿದ್ದು, ನ್ಯುಮೋನಿಯಾ ಮರುಕಳಿಸುತ್ತಿದ್ದು, ತೂಕ ಏರದಿದ್ದರೆ, ಬೆವರಿನ ಕ್ಲೋರೈಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.