ಮರಿಗಳತ್ತ ತಿರುಗದ ತಾಯಿ

ಬ್ರಹ್ಮಸಮುದ್ರ ಎಂಬ ಊರಿನ ಕಡೆ ಕಡಲೆಕಾಯಿ ಹೊಲದ ಬದು ಅಗೆದವರಿಗೆ ಚಿಟ್ಟಿಲಿಯ ಬಿಲ ಹೊಸದೇನಲ್ಲ. ಒಳಗೆ ಕೂದಲಿಲ್ಲದ, ಕಣ್ಣು ಬಿಡದ ಕೆಂಪು ಮರಿಗಳು. ಮರಿ ಗೂಡಿನಿಂದಾಚೆ ಉರುಳಿದರೆ ಮೈ ತಣ್ಣಗಾಗಿ ಸಾಯುತ್ತದೆ. ಅದು ಕೂಗುವುದೂ ನಮ್ಮ ಕಿವಿಗೆ ನಿಲುಕದ ಕೀರಲು ದನಿಯಲ್ಲಿ. ತಾಯಿ ಕೇಳಿಸಿಕೊಂಡು ಬಂದು ಬಾಯಲ್ಲಿ ಕಚ್ಚಿ ಒಯ್ಯುತ್ತದೆ.

ಇಂಥದೇ ಹೊಲದಿಲಿಗಳನ್ನು ಸಾಕಿ ಮದುರೆಯಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಎನ್. ವಿಶ್ವನಾಥನ್ ಒಂದು ಪ್ರಯೋಗ ಮಾಡಿದರು. ಹಗಲು ರಾತ್ರಿಯ ಸುಳಿವೇ ಸಿಗದಂತೆ ಇಟ್ಟ ಮರಿಗಳ ಬಳಿ ತಾಯಿಯನ್ನು 12 ಗಂಟೆ ಬಿಟ್ಟು, 12 ಗಂಟೆ ದೂರವಿಟ್ಟರು. ಮರಿಗಳ ದೇಹದ ಗಡಿಯಾರ ತಾಯಿಯ ಹೋಗಿಬರುವಿಕೆಗೆ ಹೊಂದಿಕೊಂಡಿತು! 1985ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು.

ತಾಯಿ ಬಂದರೆ ಸರಿ. ಬರದಿದ್ದರೆ?

1996ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೈಕೆಲ್ ಗ್ರೀನ್‌ಬರ್ಗ್ ಅವರ ತಂಡ 'ಫಾಸ್‌ಬಿ' ಎಂಬ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿತು. ಅವು ಬಸಿರಾದವು, ಹೆತ್ತವು. ಮರಿಗಳು ಮಾತ್ರ ಒಂದೆರಡು ದಿನದಲ್ಲೇ ಸಾಯತೊಡಗಿದವು. ಇಲ್ಲಿ ಮರಿಗಳು ಪಂಜರದ ತುಂಬ ಚೆಲ್ಲಾಪಿಲ್ಲಿ ಬಿದ್ದಿದ್ದವು, ತಾಯಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ದೋಷ ಮರಿಗಳದ್ದೇ ಇರಬಹುದೆ ಎಂದು ಅವನ್ನು ಬೇರೆ ತಾಯಿಯ ಮಡಿಲಿಗೆ ಹಾಕಿದರು. ಬದುಕಿಕೊಂಡವು. ಜೀನ್ ಕಳೆದುಕೊಂಡ ತಾಯಿಯ ಹಾರ್ಮೋನು ಸರಿಯಿತ್ತು, ಮೂಗೂ ಚುರುಕಾಗಿತ್ತು. ಸಾಮಾನ್ಯ ಇಲಿ ಮರಿಗಳ ಜೊತೆಗಿದ್ದಾಗ ಮಿದುಳಿನ ಹೈಪೊಥಲಮಸ್‌ನ ಮುಂಭಾಗದಲ್ಲಿ ಈ ಜೀನ್ ಚಾಲೂ ಆಗುತ್ತದೆ. ಇಲ್ಲಿ ತಪ್ಪಿಹೋಗಿದ್ದು ಅದೊಂದೇ.

1998ರಲ್ಲಿ ಕೇಂಬ್ರಿಜ್‌ನ ಅಜೀಂ ಸುರಾನಿ ಬಳಗ ಇನ್ನೂ ವಿಚಿತ್ರವಾದದ್ದನ್ನು ಕಂಡಿತು. 'ಮೆಸ್ಟ್' ಎಂಬ ಜೀನ್ ತಂದೆಯಿಂದ ಬಂದ ಪ್ರತಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದು ಕೆಟ್ಟಿದ್ದರೆ ಹೆಣ್ಣಿಲಿ ಹೆತ್ತ ಮರಿಗಳ ಆರೈಕೆಯಲ್ಲಿ ಎಡವುತ್ತದೆ. ಮಗಳು ತಾಯಾಗುವುದರಲ್ಲಿ ಅಪ್ಪನ ಪಾಲೂ ಇದೆ ಎಂದಾಯಿತು.

ಇದೇ ಬಗೆಯ 'ಪೆಗ್3' ಜೀನ್ ಕೆಟ್ಟರೂ ತಾಯಿಲಿ ಮರಿಗಳ ಆರೈಕೆಯಲ್ಲಿ ಎಡವುತ್ತದೆ ಎಂದು 1999ರಲ್ಲಿ ದೊಡ್ಡ ಸುದ್ದಿಯಾಯಿತು. 2016ರಲ್ಲಿ ಇನ್ನೊಂದು ತಂಡ ಆ ಜೀನನ್ನು ಬೇರೊಂದು ರೀತಿಯಲ್ಲಿ ತೆಗೆದು ನೋಡಿದಾಗ ತಾಯಿಲಿಗಳು ಮರಿಗಳನ್ನು ಚೆನ್ನಾಗಿಯೇ ಸಾಕಿದವು. ಹಾಗಾಗಿ 'ತಾಯ್ತನದ ಜೀನ್ ಪತ್ತೆ' ಎಂಬ ತಲೆಬರಹ ಕಣ್ಣಿಗೆ ಬಿದ್ದರೆ, ಕೇಳುಗರೇ, ಯಾವ ತಳಿಯ ಇಲಿ, ಮತ್ತೊಂದು ಪ್ರಯೋಗಾಲಯದಲ್ಲೂ ಅದೇ ಫಲ ಬಂತೇ ಎಂದು ಮೊದಲು ವಿಚಾರಿಸಿ.