ಸವಳು, ಎಣ್ಣೆ ಮತ್ತು ಸಾಬೂನು

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ನೀರಾವರಿ ಎರೆಭೂಮಿಯಲ್ಲಿ ನೀರು ಬಸಿಯದೆ ನಿಂತರೆ, ಮಣ್ಣಿನೊಳಗಿನ ಲವಣ ಮೇಲೇರಿ ಬೇಸಿಗೆಯಲ್ಲಿ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ರೈತನ ಬೆಳೆ ಕೆಡಿಸುವ ಇದನ್ನೇ ಸವಳು ಎನ್ನುತ್ತಾರೆ. ಈ ಲವಣದಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಎಂಬ ಕ್ಷಾರ, ಹೆಚ್ಚಾಗಿದ್ದರೆ ಆ ಮಣ್ಣು ಕೊಳೆ ಬಿಡಿಸಬಲ್ಲದು. ಸಾಬೂನು ಬರುವ ಮೊದಲು ಮಡಿವಾಳರು ಸವಳುಮಣ್ಣಿನ ನೀರಲ್ಲಿ ಬಟ್ಟೆ ನೆನೆಸಿ, ಹಬೆಯಲ್ಲಿ ಬೇಯಿಸಿ, ಅಂದರೆ ಉಬ್ಬೆ ಹಾಕಿ ಒಗೆಯುತ್ತಿದ್ದುದು ಈ ಗುಣವನ್ನು ಅರಿತೇ. ನೇಕಾರರ ಊರಾದ ರಬಕವಿ-ಬನಹಟ್ಟಿಗೂ ಕ್ಷಾರದ ಬೆಲೆ ಗೊತ್ತು. ಹಸಿ ಹತ್ತಿನೂಲಿನ ಮೇಣದಂಶವನ್ನು ಕ್ಷಾರದಲ್ಲಿ ಕುದಿಸಿ ತೆಗೆಯದಿದ್ದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ.

ಸಾಬೂನು ತಯಾರಿಕೆಗೂ ಕ್ಷಾರವೇ ಬೇಕು. ಎಣ್ಣೆಯು ಕ್ಷಾರದೊಡನೆ ಕೂಡಿ ಸಾಬೂನು ಮತ್ತು ಗ್ಲಿಸರಿನ್ ಆಗಿ ಮಾರ್ಪಡುವ ಕ್ರಿಯೆಗೆ ಸಾಬೂನೀಕರಣವೆಂದು ಹೆಸರು. 1 ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಎಂಬ ಕ್ಷಾರ ಬೇಕಾದರೆ, ಈ ಭಾಗದ ಕುಸುಬೆ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ಆದರೆ ಕುಸುಬೆಯೊಂದರಿಂದಲೇ ಮಾಡಿದ ಸಾಬೂನು ಮೆತ್ತಗಾಗುವುದರಿಂದ ಕೊಬ್ಬರಿ ಎಣ್ಣೆ ಬೆರೆಸುವುದೇ ಲೇಸು. ಎಣ್ಣೆ ಮತ್ತು ಸೋಡಾ ನೀರಿನ ಮಿಶ್ರಣವನ್ನು ಅಚ್ಚಿಗೆ ಸುರಿದು ಮರುದಿನ ಕತ್ತರಿಸಿದ ತುಂಡುಗಳನ್ನು ನಾಲ್ಕು ವಾರ ಗಾಳಿಗಿಟ್ಟರೆ ನೀರಿನಂಶ ಇಳಿದು ಗಟ್ಟಿಯಾಗುತ್ತವೆ. ಎಣ್ಣೆ, ಸೋಡಾಗಳನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಸೋಡಾವನ್ನು ನೀರಿಗೆ ಸುರಿಯಬೇಕೇ ಹೊರತು ಸೋಡಾದ ಮೇಲೆ ನೀರನ್ನಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ಸೋಡಾ ಕರಗಿಸಿಬಿಡುತ್ತದೆ. ಸ್ಟೀಲ್ ಪಾತ್ರೆಯನ್ನೇ ಬಳಸಿ, ಮಕ್ಕಳನ್ನು ದೂರವಿಡಿ.