ಮೊದಲು ಹೆಸರು

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ಆ ನೂಕುನುಗ್ಗಲಿನಲ್ಲಿ ಅಪ್ಪನ ಹೆಗಲೇರಿದ ಮಕ್ಕಳಲ್ಲಿ ಡೌನ್ ಸಿಂಡ್ರೋಮ್ ಇರುವ ಹುಡುಗಿಯೂ ಒಬ್ಬಳಿರಬಹುದು. ಅವಳ ಕಣ್ಣು ಆನೆಯ ಮೇಲೆ; ಸುತ್ತಲಿನವರ ಕಣ್ಣು ಅವಳ ಮೇಲೆ. ‘ಪೆದ್ದು’ ಅನ್ನುವವರು ಕೆಲವರು, ‘ಅಯ್ಯೋ ಪಾಪ’ ಅನ್ನುವವರು ಹಲವರು. ಎರಡನೆಯದೇನೂ ಕಡಿಮೆ ಚುಚ್ಚುವುದಿಲ್ಲ.

1866ರಲ್ಲಿ ಈ ಸಿಂಡ್ರೋಮನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್, ಮುಖಚಹರೆ ನೋಡಿ ಮಂಗೋಲಿಯಾದ ಜನರ ಹೆಸರನ್ನೇ ಅಂಟಿಸಿಬಿಟ್ಟ. ಒಂದೇ ಪದಕ್ಕೆ ಎರಡು ಅವಮಾನ! 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ ಎಂಬುದು 1959ರಲ್ಲಿ ತಿಳಿಯಿತು. ಬಸುರಿಗೆ ತಾಗಿದ ಗ್ರಹಣವಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಆದರೂ ಆ ಹೆಸರನ್ನು ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟದ್ದು 1965ರಲ್ಲಿ, ಮಂಗೋಲಿಯಾವೇ ಕೇಳಿಕೊಂಡ ಮೇಲೆ.

ನಮ್ಮ ಸರ್ಕಾರಿ ಕಡತಗಳಲ್ಲಿ ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂತು. ಚೇತನವೇ ವಿಕಲವೆನ್ನುವ ಈ ಪದ ನನಗಿನ್ನೂ ಒಗ್ಗಿಲ್ಲ.

ಆ ಹುಡುಗಿಯ ಹೆಸರು ಕೇಳಿ ನೋಡಿ. ಅಪ್ಪನನ್ನಲ್ಲ, ಅವಳನ್ನೇ. ಉತ್ತರಕ್ಕೆ ತುಸು ಹೊತ್ತು ಹಿಡಿದೀತು. ಹಿಡಿಯಲಿ ಬಿಡಿ, ಆನೆ ಹೊರಡುವುದೂ ಹೇಗೂ ತಡವೇ.